ಎಡಗೆನ್ನೆಯ ನೆರಳು

ಅದು 1998ರ ಬೇಸಿಗೆ. ಏಪ್ರಿಲ್ ಕೊನೆ ಎಂದು ನನ್ನ ನೆನಪು ಹೇಳುತ್ತದೆ, ಡೈರಿಯಲ್ಲಿ ಮೇ ತಿಂಗಳ ಪುಟದಲ್ಲಿದೆ. ಈ ಒಂದು ಘಟನೆಯ ಮಟ್ಟಿಗೆ ನಾನು ನೆನಪನ್ನೂ ಪೂರ್ತಿ ನಂಬುವುದಿಲ್ಲ, ಡೈರಿಯನ್ನೂ ನಂಬುವುದಿಲ್ಲ. ಹಾಗಾಗಿ ಕೈಯಲ್ಲಿ ಏನು ಆಧಾರವಿದೆಯೋ ಅದನ್ನು ಇಟ್ಟುಕೊಂಡೇ ಬರೆಯುತ್ತೇನೆ.

ಕೊಟ್ಟೂರಿನ ಬಜಾರದಲ್ಲಿ ನನ್ನ ಅಬ್ಬಾ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದ ನಾನು, ಕಾಲೇಜುಗಳಿಗೆ ಅರ್ಜಿ ಹಾಕುತ್ತಾ ಅವರ ಕೆಲಸಕ್ಕೆ ಕೈಜೋಡಿಸಿದ್ದೆ. ಹೆಣ್ಣುಮಕ್ಕಳ ಫೋಟೋ ನನ್ನ ಪಾಲು, ಗಂಡಸರದು ಅಬ್ಬಾನ ಪಾಲು. ಆ ವರ್ಷ ಊರಿನ ವರ್ತಕರೆಲ್ಲ ಸೇರಿ ಒಂದು ಪರಿಚಯ ಪುಸ್ತಕ ಮಾಡಿಸಲು ಹೊರಟರು. ಶೇಂಗಾ ಮಂಡಿ, ಬೀಜ, ಗೊಬ್ಬರ, ಬಟ್ಟೆ, ಸಿಮೆಂಟು, ಹೀಗೆ ಎಲ್ಲ ಅಂಗಡಿಯವರ ಹೆಸರಿನ ಪಕ್ಕ ಒಂದೊಂದು ಫೋಟೋ. "ರೇಷನ್ ಕಾರ್ಡಿನಾಗ ಇರ್ತಾವಲ್ಲ, ಕಳ್ಳರನ್ನ ಹಿಡದು ನಿಲ್ಲಿಸಿದಂಗ, ಅಂಥಾವು ಬ್ಯಾಡ್ರಿ. ದೊಡ್ಡ ಕಂಪನಿ ಮ್ಯಾನೇಜರ್‌ಗಳು ಕುಂತಿರ್ತಾರಲ್ಲ, ಹಂಗ ಬರಬೇಕು" ಎಂದು ಅವರು ಹೇಳಿ ಹೋಗಿದ್ದರು.

ಅಬ್ಬಾ ಎರಡು ದಿನ ಯೋಚಿಸಿ ಬೆಳಕನ್ನು ಹೊಂದಿಸಿದರು. ಕುಳಿತವರ ಬಲಕ್ಕೆ, ತಲೆಗಿಂತ ಸ್ವಲ್ಪ ಮೇಲೆ, ಬಿಳಿ ಬಟ್ಟೆ ಹೊದಿಸಿದ ದೊಡ್ಡ ದೀಪ. ಎಡಕ್ಕೆ ಒಂದು ಥರ್ಮಾಕೋಲ್ ಹಲಗೆ. ದೀಪದ ಬೆಳಕು ಅದಕ್ಕೆ ಬಡಿದು ವಾಪಸು ಬಂದು ಎಡಗೆನ್ನೆಯ ನೆರಳನ್ನು ತಿಳಿಯಾಗಿಸಬೇಕು. ಹಲಗೆ ಹತ್ತಿರ ಸರಿಸಿದರೆ ನೆರಳು ಕಡಿಮೆ, ದೂರ ಸರಿಸಿದರೆ ಜಾಸ್ತಿ. ನಲವತ್ತು ಜನರಿಗೂ ಒಂದೇ ಬೆಳಕು, ಒಂದೇ ಅಳತೆ, ತಲಾ ಎರಡೇ ಫೋಟೋ. ಕುಳಿತವರ ಗದ್ದವನ್ನು ಅಬ್ಬಾ ಎರಡು ಬೆರಳಲ್ಲಿ ಹಿಡಿದು ಬೇಕಾದ ಕಡೆ ತಿರುಗಿಸುತ್ತಿದ್ದರು. ಎಂಥ ಸಾಹುಕಾರನಾದರೂ ಆ ಗಳಿಗೆಯಲ್ಲಿ ಕ್ಷೌರಕ್ಕೆ ಕುಳಿತ ಹುಡುಗನಂತೆ ಸುಮ್ಮನಿರುತ್ತಿದ್ದ.

ಆ ದಿನ ಅಬ್ಬಾ ಮದುವೆಯೊಂದರ ಫೋಟೋ ತೆಗೆಯಲು ಬಳ್ಳಾರಿಗೆ ಹೋಗಿದ್ದರು. ಐದು ಜನ ವರ್ತಕರಿಗೆ ಮೊದಲೇ ಬರಲು ಹೇಳಿಯಾಗಿತ್ತು. ಗಂಡಸರ ಫೋಟೋ ನಾನು ಒಬ್ಬಳೇ ತೆಗೆದದ್ದು ಅದೇ ಮೊದಲು. ಹನ್ನೆರಡಕ್ಕೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು, ಅಷ್ಟರೊಳಗೆ ಐವರನ್ನೂ ಮುಗಿಸಬೇಕು ಎಂಬ ಆತುರ ಬೇರೆ.

ಮೂರನೆಯವರು ಕೊಟ್ರಪ್ಪ. ಶೇಂಗಾ ಮಂಡಿಯವರು, ಐವತ್ತೈದರ ಆಸುಪಾಸು, ದೊಡ್ಡ ದನಿಯ ಮನುಷ್ಯ. ಅವರ ಜೊತೆ ಮಂಡಿಯ ಪಾಲುದಾರ ವೀರಣ್ಣ ಬಂದಿದ್ದರು. ಇಬ್ಬರೂ ಬಾಲ್ಯದ ಗೆಳೆಯರು. ವೀರಣ್ಣನ ಫೋಟೋ ಹಿಂದಿನ ವಾರವೇ ಆಗಿತ್ತು, ಈಗ ಗೆಳೆಯನನ್ನು ಕಾಡಿಸಲೆಂದೇ ಬಂದವರಂತೆ ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತರು.

"ಶಮೀಮವ್ವ, ಇವನ ತಲಿ ಹೊಳೀತೈತಿ, ಬೆಳಕು ಸ್ವಲ್ಪ ಕಮ್ಮಿ ಬಿಡು" ಎಂದು ಅಲ್ಲಿಂದಲೇ ಕೂಗಿದರು.

"ನಿನ್ನ ಕರೀ ಹಲ್ಲು ಬೆಳಗಾಕ ಹೋದ ವಾರ ಊರಿನ ಅರ್ಧ ಕರೆಂಟ್ ಖರ್ಚಾಗೈತಂತ, ಸುಮ್ನ ಕುಂದರಲೇ" ಎಂದು ಕೊಟ್ರಪ್ಪ ಒಳಗಿನಿಂದ ಉತ್ತರಿಸಿದರು. ಆಗ ಅವರ ಮಾತು ಸ್ಪಷ್ಟವಾಗಿತ್ತು. ಇದು ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ನಾನು ನಕ್ಕಿದ್ದೆ.

ಮೊದಲನೇ ಫೋಟೋ ತೆಗೆದೆ. ಎರಡನೆಯದಕ್ಕೆ ಅವರು ಕಣ್ಣು ಮುಚ್ಚಿದರು. ಮೂರನೆಯದು ಬೇಕಾಯಿತು. ಕ್ಯಾಮೆರಾದಲ್ಲಿ ನೋಡುವಾಗ ಎಡಗೆನ್ನೆಯ ನೆರಳು ಸರಿಯಿಲ್ಲ ಅನಿಸಿತು. ಬಾಯಿಯ ಎಡ ತುದಿಯಲ್ಲಿ ಒಂದು ಕಪ್ಪು ಗೆರೆ ಕೆಳಗಿಳಿದಂತೆ ಕಾಣುತ್ತಿತ್ತು. ಥರ್ಮಾಕೋಲ್ ಹಲಗೆಯನ್ನು ಒಂದು ಗೇಣು ಹತ್ತಿರ ಸರಿಸಿದೆ. ಗೆರೆ ಹೋಗಲಿಲ್ಲ. ತಲೆ ಒಂದು ಕಡೆ ವಾಲಿದೆಯೇನೋ ಎಂದುಕೊಂಡೆ. ಅಬ್ಬಾ ಆಗಿದ್ದರೆ ಗದ್ದ ಹಿಡಿದು ತಿರುಗಿಸುತ್ತಿದ್ದರು. ನಾನು ಇಪ್ಪತ್ನಾಲ್ಕರ ಹುಡುಗಿ, ಹಿರಿಯ ಗಂಡಸಿನ ಮುಖ ಮುಟ್ಟುವುದು ಹೇಗೆ? ದೂರದಿಂದಲೇ ಕೈಸನ್ನೆ ಮಾಡಿದೆ. "ಸ್ವಲ್ಪ ಬಲಕ್ಕರಿ, ಅಷ್ಟು ಬ್ಯಾಡ್ರಿ, ಈಗ ಸ್ವಲ್ಪ ನಗ್ರಿ."

ಅವರು ನಕ್ಕರು. ಬಲಗಡೆ ಮಾತ್ರ.

"ಎರಡೂ ಕಡಿ ನಗ್ರಿ ಕೊಟ್ರಪ್ಪಾರ" ಎಂದೆ.

ಈ ಮಾತನ್ನು ನಾನು ಆಡಿದ್ದೇನೆ. ತಮಾಷೆಯಾಗಿ ಅಲ್ಲ, ಸ್ವಲ್ಪ ಬೇಸರದಿಂದಲೇ ಆಡಿದ್ದೇನೆ.

ಅವರು ಏನೋ ಹೇಳಿದರು. ಮಾತು ತೊದಲಿತು. ಬಾಯಲ್ಲಿ ಎಲೆ ಅಡಿಕೆ ಇದೆ ಎಂದುಕೊಂಡು, "ಬಾಯಾಗಿಂದು ಉಗುಳಿ ಬರ್ರಿ, ಗಲ್ಲ ಉಬ್ಬಿದಂಗ ಕಾಣ್ತೈತಿ" ಎಂದೆ. ಅವರು ತಲೆಯಾಡಿಸಿ ಬಾಯಿ ತೆರೆದು ತೋರಿಸಿದರು. ಬಾಯಲ್ಲಿ ಏನೂ ಇರಲಿಲ್ಲ. ಹಣೆಯಲ್ಲಿ ಬೆವರಿತ್ತು. ಅದು ದೀಪದ ಕಾವು ಎಂದುಕೊಂಡೆ. ಹಲಗೆಯನ್ನು ಇನ್ನೂ ಹತ್ತಿರ ತಂದು ಮತ್ತೆ ಕ್ಲಿಕ್ ಮಾಡಿದೆ.

ಹೊರಗಿನಿಂದ ವೀರಣ್ಣ, "ಏ ಕೊಟ್ರ್ಯಾ, ನಿನ್ನ ಮದುವಿ ಫೋಟೋಕ್ಕೂ ಇಷ್ಟು ಹೊತ್ತು ಹಿಡಿದಿದ್ದಿಲ್ಲಲೇ!" ಎಂದರು. ಕೊಟ್ರಪ್ಪ ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ ಜಾರಿತು. ಹಿಡಿಯಲು ಎಡಗೈ ಎತ್ತಹೋದರು, ಕೈ ಏಳಲಿಲ್ಲ. ಆ ಕೈಯನ್ನು ಅವರು ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಅವರು ಸ್ಟೂಲಿನಿಂದ ಎಡಕ್ಕೆ ಜಾರುವಷ್ಟರಲ್ಲಿ ನಾನು ಓಡಿಹೋಗಿ ಅವರ ಅಂಗಿ ಹಿಡಿದೆ. ಭಾರ ತಡೆಯಲಾಗದೆ ಇಬ್ಬರೂ ನೆಲಕ್ಕೆ ಬಂದೆವು. ದೀಪದ ಕಂಬಕ್ಕೆ ನನ್ನ ಕಾಲು ತಗುಲಿ ಅದೂ ಬಿತ್ತು. ಬಲ್ಬ್ ಪಟಾಕಿಯಂತೆ ಸಿಡಿಯಿತು.

ಆ ಸದ್ದಿಗೆ ವೀರಣ್ಣ ಒಳಗೆ ನುಗ್ಗಿದರು, ಹಿಂದೆಯೇ ಬಜಾರದ ಮಂದಿ. ಕತ್ತಲ ಕೋಣೆ, ಸುಟ್ಟ ವಾಸನೆ, ನೆಲದ ಮೇಲೆ ಬಿದ್ದ ಮನುಷ್ಯ. ಯಾರೋ "ಕರೆಂಟ್ ಹೊಡದೈತಿ, ಯಾರೂ ಮುಟ್ಟಬ್ಯಾಡ್ರಿ!" ಎಂದು ಚೀರಿದರು. ಇನ್ನೊಬ್ಬರು ಅಂಗಾಲು ತಿಕ್ಕಲು ಕೂತರು. ವೀರಣ್ಣ ಮೇನ್ ಸ್ವಿಚ್ ಕಿತ್ತು ಬಂದು ನನ್ನ ಮೇಲೆ ಹರಿಹಾಯ್ದರು. "ಏನ್ ಮಾಡಿದ್ಯವ್ವ ನಮ್ಮ ಕೊಟ್ರ್ಯಾಗ? ನಿಮ್ಮಪ್ಪ ಇಲ್ದಾಗ ಈ ಕೆಲಸ ಯಾಕ ಹಚ್ಕೊಂಡಿ?"

"ಕರೆಂಟ್ ಅಲ್ರಿ! ಬಾಯಿ ನೋಡ್ರಿ, ಬಾಯಿ!" ಎಂದು ಕೂಗಿದೆ.

ಯಾರೋ ಚೊಂಬಿನಲ್ಲಿ ನೀರು ತಂದು ಬಾಯಿಗೆ ಹಾಕಲು ಬಗ್ಗಿದರು. ನಾನು ಚೊಂಬನ್ನು ಕೈಯಿಂದ ತಳ್ಳಿಬಿಟ್ಟೆ. ನಮ್ಮ ದಾದಿಗೆ, ಅಂದರೆ ಅಬ್ಬಾನ ತಾಯಿಗೆ, ಲಕ್ವ ಹೊಡೆದಾಗ ಹೀಗೇ ಕುಡಿಸಿದ ನೀರು ಶ್ವಾಸನಾಳಕ್ಕೆ ಹೋಗಿ ಅವರು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೌದು, ಈ ರೋಗ ನನಗೆ ಗೊತ್ತಿತ್ತು. ದಾದಿಯ ಮುಖ ಹೀಗೇ ಒಂದು ಕಡೆ ಇಳಿದದ್ದನ್ನು ನೋಡಿದ್ದೆ. ಅದೇ ಮುಖ ಕ್ಯಾಮೆರಾದೊಳಗೆ ಕಂಡಾಗ ಮಾತ್ರ ನೆರಳು ಎಂದುಕೊಂಡಿದ್ದೆ.

ಊರಿನ ಡಾಕ್ಟರ್ ಬಂದು ನೋಡಿ, ಬಿ.ಪಿ. ವಿಪರೀತ ಏರಿದೆ, ಲಕ್ವವೇ, ತಡ ಮಾಡದೆ ದಾವಣಗೆರೆಗೆ ಒಯ್ಯಿರಿ ಎಂದರು. ಟ್ರ್ಯಾಕ್ಸ್ ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿದರು. ಆದರೆ ಗಾಡಿ ಹೊರಡಲಿಲ್ಲ. ಹಿರಿಯರೊಬ್ಬರು ಬಾಗಿಲು ಹಿಡಿದು ನಿಂತಿದ್ದರು.

"ವೀರಣ್ಣ, ಲಕ್ವಾಕ್ಕ ದವಾಖಾನ್ಯಾಗ ಔಷಧಿ ಇಲ್ಲ. ಹಡಗಲಿ ಕಡಿ ಹಳ್ಳ್ಯಾಗ ಕೊಡೋರದಾರ. ಪಾರಿವಾಳದ ರಗತ ಹಚ್ಚಿ ಬೇರು ಕಟ್ತಾರ. ಮೂರು ದಿನಕ್ಕ ಎದ್ದು ಕುಂದರ್ತಾನ."

"ನಮ್ಮ ಭಾವನೂ ಅಲ್ಲೇ ಆರಾಮಾಗಿದ್ದು ಖರೇ" ಎಂದರು ವೀರಣ್ಣ.

"ಡಾಕ್ಟ್ರು ಹೇಳ್ಯಾರಲ್ರಿ" ಎಂದೆ.

"ನೀ ಡಾಕ್ಟ್ರೇನವ್ವ? ಫೋಟೋ ತೆಗ್ಯಾಕಿ" ಎಂದರು ಹಿರಿಯರು.

ಡ್ರೈವರ್ ಇಂಜಿನ್ ಚಾಲೂ ಮಾಡಿ, "ಯಾವ ಕಡಿ ಹೇಳ್ರಿ, ಹಡಗಲಿನೋ ಹರಪನಹಳ್ಳಿನೋ?" ಎಂದು ಎರಡು ಸಲ ಕೇಳಿದ. ಹರಪನಹಳ್ಳಿ ದಾಟಿಯೇ ದಾವಣಗೆರೆಗೆ ಹೋಗಬೇಕು. ಹಿರಿಯರು ಬಾಗಿಲು ಬಿಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ನನಗೆ ತಿಳಿಯದು. ನಾನು ಗಾಡಿಯೊಳಗೆ ಹತ್ತಿ ಕೊಟ್ರಪ್ಪನವರ ಹತ್ತಿರ ಬಗ್ಗಿದೆ. ಅವರ ಕಣ್ಣು ತೆರೆದಿತ್ತು, ಎಲ್ಲವೂ ಕೇಳಿಸುತ್ತಿತ್ತು ಎಂದು ನೋಡಿದರೇ ತಿಳಿಯುವಂತಿತ್ತು. ಆವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

"ಕೊಟ್ರಪ್ಪಾರ, ದಾವಣಗೆರಿಗೆ ಹೋಗೂಣೇನ್ರಿ? ಹೂಂ ಅನ್ನಂಗಿದ್ರ ಬಲಗೈ ಎತ್ರಿ."

ಅವರು ಬಲಗೈ ಎತ್ತಿದರು. ಎತ್ತಿದ ಕೈಯಿಂದಲೇ ವೀರಣ್ಣನ ಅಂಗಿ ಹಿಡಿದು ಒಳಗೆ ಎಳೆದರು. ವೀರಣ್ಣ ಅಳುತ್ತಾ ಹತ್ತಿ ಕೂತು, "ನಡಿಯಪ್ಪ, ಹರಪನಹಳ್ಳಿ ಕಡಿ ಹೊಡಿ" ಎಂದರು. ನಾನು ಇಳಿಯಲಿಲ್ಲ. ನೋಡಿದವಳು ನಾನೊಬ್ಬಳೇ, ಡಾಕ್ಟರಿಗೆ ಹೇಳಬೇಕಲ್ಲ ಎಂದುಕೊಂಡೆ.

ದಾರಿಯುದ್ದಕ್ಕೂ ವೀರಣ್ಣ ಗೆಳೆಯನನ್ನು ಬೈಯುತ್ತಲೇ ಇದ್ದರು. "ಮಕ್ಕೋಬ್ಯಾಡಲೇ. ಕಣ್ಣು ತಗಿ. ಮಂಡಿಯಾಗ ಸುಳ್ಳು ಹೇಳಿ ನನ್ನ ಬಿಟ್ಟು ಸಿನಿಮಾಕ್ಕ ಹೋಗಿದ್ದಿ ನೋಡು, ಅದಕ್ಕ ಇವತ್ತು ಜವಾಬು ಕೊಡು." ಕೊಟ್ರಪ್ಪ ಕಣ್ಣು ಮುಚ್ಚಿದಾಗಲೆಲ್ಲ ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು. ತೆಗೆದಾಗ ಬಿಡುತ್ತಿದ್ದೆವು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಶುರುವಾಯಿತು?" ನಾನು, "ಬೀಳೋದಕ್ಕೆ ಸ್ವಲ್ಪ ಮುಂಚೆ ಸರ್. ಮುಖ ನೋಡಿದ ತಕ್ಷಣ ಗೊತ್ತಾಯಿತು" ಎಂದೆ. ಅವರು ಬರೆದುಕೊಂಡರು. ಮನೆಗೆ ಬಂದು ಡೈರಿಯಲ್ಲಿ ನಾನೂ ಅದನ್ನೇ ಬರೆದೆ. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ. ಇವತ್ತಿಗೂ ನನ್ನನ್ನು ಹೆದರಿಸುವುದು ಇದೇ.

ಎರಡು ದಿನದ ಮೇಲೆ ಅಬ್ಬಾ ಆ ರೋಲ್ ತೊಳೆದು, ಅಷ್ಟೂ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಸಣ್ಣದಾಗಿ ಪ್ರಿಂಟ್ ಹಾಕಿದರು. ಕೊಟ್ರಪ್ಪನವರದು ಎರಡಿರಬೇಕಿತ್ತು. ಆರು ಇದ್ದವು. ಮೊದಲೆರಡರಲ್ಲಿ ಬಾಯಿ ನೆಟ್ಟಗಿದೆ. ಮೂರರಲ್ಲಿ ಎಡ ತುದಿ ಸ್ವಲ್ಪ ಇಳಿದಿದೆ. ನಾಲ್ಕು, ಐದು, ಆರರಲ್ಲಿ ಇಳಿಯುತ್ತಲೇ ಹೋಗಿದೆ, ಎಡಗಣ್ಣ ರೆಪ್ಪೆಯೂ ಜೋತಿದೆ. ಅದೇ ಆರು ಚಿತ್ರಗಳಲ್ಲಿ ನೆರಳು ಒಂದೊಂದಾಗಿ ತಿಳಿಯಾಗುತ್ತಾ, ಬೆಳಕು ಮೇಲಿಂದ ಮೇಲೆ ಚೆನ್ನಾಗುತ್ತಾ ಹೋಗಿದೆ. ಆರನೆಯದರ ಬೆಳಕು ಅಬ್ಬಾ ಹೊಂದಿಸಿದ್ದಕ್ಕಿಂತಲೂ ಚೆನ್ನಾಗಿತ್ತು.

ಅಬ್ಬಾ ಹಾಳೆಯನ್ನು ತುಂಬ ಹೊತ್ತು ನೋಡಿ, "ಬೆಳಕನ್ನ ಎಷ್ಟು ಜಾಣತನದಿಂದ ತಂದಿದ್ದೀಯ ಬೇಟಿ" ಎಂದರು. ಹಾಳೆಯನ್ನು ನನ್ನ ಕೈಗಿಟ್ಟರು.

ಹಲಗೆ ಸರಿಸಿ, ಗುರಿ ನೋಡಿ, ನಾಲ್ಕು ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷವೇ, ಹದಿನೈದೇ? ಒಬ್ಬಳೇ ಇದ್ದಾಗ ಸ್ಟೂಲಿನ ಮುಂದೆ ನಿಂತು ಗಡಿಯಾರ ನೋಡಿಕೊಂಡು ಹಾಗೇ ಮಾಡಿ ನೋಡಿದ್ದೇನೆ. ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ. ಆ ಕಾಲಕ್ಕೆ ಅಷ್ಟರಿಂದ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ಮುಂದೆ ಪರಿಚಯದ ವೈದ್ಯರೊಬ್ಬರು ಸಮಾಧಾನ ಹೇಳಿದರು. ಇರಬಹುದು. ಆದರೆ ಎರಡೇ ಫೋಟೋ ಎಂಬ ನಿಯಮ ಮೀರಿ ಆರು ತೆಗೆದೆನಲ್ಲ, ಏನೋ ತಪ್ಪಾಗಿದೆ ಎಂದು ನನಗೆ ಅನಿಸಿತ್ತು ಎಂದೇ ಅದರ ಅರ್ಥ. ಆ ಅನಿಸಿಕೆಗೆ ನನ್ನ ಕೈ ಹೋದದ್ದು ಹಲಗೆಯ ಕಡೆಗೆ.

ಕೊಟ್ರಪ್ಪ ಬದುಕಿದರು. ಮಾತು ನಿಧಾನಕ್ಕೆ ಬಹುಪಾಲು ಬಂತು, ಎಡಗೈ ಬರಲಿಲ್ಲ. ಪುಸ್ತಕದ ಕೆಲಸ ತಡವಾಗಿತ್ತು. ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರೂ ವೀರಣ್ಣನೂ ಸ್ಟುಡಿಯೋಕ್ಕೆ ಬಂದರು. ಮುಂದಿನ ಕೋಣೆಯಲ್ಲಿದ್ದ ಗಿರಾಕಿಗಳಿಗೆ ವೀರಣ್ಣ ನನ್ನನ್ನು ತೋರಿಸಿ, "ಈಕೀನ ನೋಡ್ರಿ. ಒಂದ ಕ್ಲಿಕ್ಕಿಗೆ ರೋಗ ಹಿಡದಾಕಿ. ಈಕಿ ಇರಲಿಲ್ಲಂದ್ರ ಇವ ಗೋಡಿ ಮ್ಯಾಲಿನ ಫೋಟೋ ಆಗ್ತಿದ್ದ" ಎಂದು ಶುರು ಮಾಡಿದರು. ಬಜಾರದಲ್ಲೆಲ್ಲ ಆಗಲೇ ಕಥೆ ಹೀಗೇ ಹಬ್ಬಿತ್ತು.

ಒಳಗೆ ಕೊಟ್ರಪ್ಪ ಸ್ಟೂಲಿನ ಮೇಲೆ ಕೂತರು. "ಹಿಂದಿನ ಸಲದ ಮೊದಲನೇದು ಚೊಲೊ ಬಂದೈತ್ರಿ, ಅದನ್ನ ಹಾಕ್ಲೇನ್ರಿ?" ಎಂದು ಕೇಳಿದೆ.

"ಬ್ಯಾಡವ್ವ. ರೈತ್ರು ಪುಸ್ತಕ ನೋಡಿ ಮಂಡಿಗೆ ಬಂದು, ಇದರಾಗಿನ ನಿಮ್ಮ ತಮ್ಮ ಎಲ್ಲಿ ಹೋಗ್ಯಾನ್ರಿ ಅಂತ ಕೇಳ್ಯಾರು. ಹೆಂಗದೀನೋ ಹಂಗ ತೆಗಿ" ಎಂದರು. ಆಮೇಲೆ, "ಅವನ್ನ ಇಟ್ಟೀಯೇನು? ತೋರಿಸು" ಎಂದರು.

ಹಾಳೆಯನ್ನು ತಂದುಕೊಟ್ಟೆ. "ವೀರಣ್ಣಾರು ಹೇಳೋದು ಖರೇ ಅಲ್ರಿ. ಮೂರನೇದರಾಗಿಂದ ನೋಡ್ರಿ. ನಿಮ್ಮ ಬಾಯಿ ಇಳಿಯಾಕತ್ತಿತ್ತು, ನಾನು ಲೈಟ್ ಸರಿ ಮಾಡ್ಕೋತ ನಿಂತಿದ್ದೆ. ಡಾಕ್ಟ್ರಿಗೂ ತಪ್ಪು ಹೇಳೀನಿ" ಎಂದೆ. ನಾಲ್ಕು ತಿಂಗಳಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು ಇಷ್ಟೇ ಆಗಿ ಮುಗಿಯಿತು.

ಅವರು ಕನ್ನಡಕ ಹಾಕಿಕೊಂಡು ಆರನ್ನೂ ಒಂದೊಂದಾಗಿ ನೋಡಿದರು. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಅವತ್ತು ಮುಂಜಾನಿ ಮಂಡಿಯಾಗ ಕುಂತಾಗ ಈ ಕೈ ಜುಮ್ಮಂದಿತ್ತವ್ವ. ನಿನ್ನಲ್ಲಿಗೆ ಬರೂಕಿಂತ ಮೊದಲ. ಯಾರಿಗೂ ಹೇಳಲಿಲ್ಲ. ಹೇಳಿದ್ರ ಈ ವೀರ್ಯಾ ಫೋಟೋಕ್ಕ ಬಿಡ್ತಿದ್ದಿಲ್ಲ. ಪುಸ್ತಕದಾಗ ಅವನ ಫೋಟೋ ಅಷ್ಟ ಬರ್ತಿತ್ತು." ಅವರು ನಕ್ಕರು, ಬಲಗಡೆಯಿಂದ. "ನನ್ನ ಕೈ ನನಗ ಹೇಳಿತ್ತು, ನಾನ ಕೇಳಲಿಲ್ಲ. ನಿನಗ್ಯಾಕ ಹತ್ತಬೇಕು ಆ ತಪ್ಪು?"

ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಫೋಟೋ ತೆಗೆದೆ. ಎರಡೇ.

ಆಮೇಲೆ ಹನ್ನೊಂದು ವರ್ಷ ಅವರು ಬಾಳಿದರು. ಆ ಹಾಳೆ ನನ್ನ ಹತ್ತಿರವೇ ಇದೆ. ಕ್ಯಾಮೆರಾದಲ್ಲಿ ಒಂದು ಮುಖ ಸರಿ ಕಾಣದಿದ್ದರೆ ನಾನೀಗ ದೀಪವನ್ನು ಮುಟ್ಟುವ ಮೊದಲು ಕುಳಿತವರ ಹತ್ತಿರ ಹೋಗಿ ಮಾತಾಡಿಸುತ್ತೇನೆ. ಅಷ್ಟನ್ನು ಕಲಿತಿದ್ದೇನೆ. ಆದರೆ ಆ ಮುಂಜಾನೆ ಮಂಡಿಯಲ್ಲಿ ಅವರ ಕೈ ನಿಜಕ್ಕೂ ಜುಮ್ಮೆಂದಿತ್ತೋ, ಎದುರಿಗೆ ತಪ್ಪೊಪ್ಪಿಕೊಂಡು ನಿಂತ ಹುಡುಗಿಯನ್ನು ಕಂಡು ಆ ಕ್ಷಣದಲ್ಲಿ ಹೊಳೆದ ಮಾತೋ ನನಗೆ ತಿಳಿಯದು. ಆರು ಚಿತ್ರಗಳನ್ನು ಇಟ್ಟುಕೊಂಡು ನನ್ನ ತಪ್ಪನ್ನು ಸಾಬೀತು ಮಾಡಬಲ್ಲೆ. ಅವರ ಮಾತಿಗೆ ಅಂಥ ಆಧಾರ ಯಾವುದೂ ಇಲ್ಲ. ಕೇಳಲು ಹನ್ನೊಂದು ವರ್ಷ ಸಮಯವಿತ್ತು. ನಾನು ಕೇಳಲಿಲ್ಲ.