ಎರಡು ಟ್ರೇಲರ್ ಜೊತೆ ನನ್ನ ಜೋಡಿ ಕುಣಿತ

ಹೋದ ವರ್ಷ ಕಬ್ಬಿನ ಹಂಗಾಮು ಮುಗಿದ ಕೂಡಲೇ ನನ್ನ ಮಗ ಬಸವರಾಜ ನನ್ನಿಂದ ಟ್ರ್ಯಾಕ್ಟರ್ ಚಾವಿ ಕಿತ್ತುಕೊಂಡ. ನನಗಾಗ ಎಪ್ಪತ್ತೊಂದು. ಕಣ್ಣಿನ ಪೊರೆ ತೆಗೆದ ಡಾಕ್ಟರು ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದಿದ್ದರೂ ಅವನದು ಒಂದೇ ಹಟ: "ಸಾಕ್ರಿ ಅಪ್ಪಾ, ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ್ರಿ." ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಮೂವತ್ತು ಹಂಗಾಮು ಕಬ್ಬು ಸಾಗಿಸಿದ ನನಗೆ ಹೇಳುವ ಮಾತೇ ಇದು?

ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಮೊಮ್ಮಗಳು ಸವಿತಾ ಮೊಬೈಲಿನಲ್ಲಿ ಜಪಾನಿನ ಕಾರ್ಟೂನ್ ಧಾರಾವಾಹಿ ತೋರಿಸಿದಳು. ಬೈಲಹೊಂಗಲದಲ್ಲಿ ಪಿಯುಸಿ ಓದುತ್ತಾಳೆ. ಹುಡುಗ ಹುಡುಗಿ ಕೈಹಿಡಿದು ಜೋಡಿಯಾಗಿ ಕುಣಿಯುವ ಸ್ಪರ್ಧೆಯ ಕಥೆ ಅದು. ನಾಯಕ ನಿನ್ನೆ ಮೊನ್ನೆ ಹೆಜ್ಜೆ ಕಲಿತ ಪೋರ. ಅವನ ಎದುರಾಳಿಯೋ ಚಿಕ್ಕಂದಿನಿಂದ ಕುಣಿದು ಪಳಗಿದವನು. ಮಾತಿಲ್ಲ, ನಗುವಿಲ್ಲ, ಕತ್ತು ನೆಟ್ಟಗೆ. ಕಾಲಿನ ಕಡೆ ನೋಡುವುದೇ ಇಲ್ಲ. ಅವನ ಎದೆ ಸ್ವಲ್ಪ ತಿರುಗಿದರೆ ಸಾಕು, ಜೋಡಿ ಹುಡುಗಿ ತಾನಾಗಿಯೇ ಹಿಂದಕ್ಕೆ ಸರಿಯುತ್ತಾಳೆ. ಸವಿತಾ ನಾಯಕನ ಪಕ್ಷ, ನಾನು ಎದುರಾಳಿಯ ಪಕ್ಷ. ಹೊಸಬನೇ ಗೆಲ್ಲಲಿ ಎಂದು ಎಲ್ಲರೂ ಕಥೆ ಬರೆದರೆ ಹಳಬ ಎಲ್ಲಿಗೆ ಹೋಗಬೇಕು?

"ನಿನಗ ಹಂಗ ಕುಣ್ಯಾಕ ಬರತೈತೇನ ಅಜ್ಜಾ?" ಎಂದಳು.

"ಅಂವಾ ಒಂದ ಹುಡುಗೀನ ಹಿಂದಕ್ಕ ನಡಸ್ತಾನ. ನಾ ಎರಡ ಟ್ರೇಲರ್ ನಡಸೇನಿ."

ಸುಳ್ಳಲ್ಲ. ನಮ್ಮ ಕಡೆ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ರಿವರ್ಸ್ ಓಡಿಸುವ ಸ್ಪರ್ಧೆ ಇಡುತ್ತಾರೆ. ಸುಣ್ಣದ ಎರಡು ಗೆರೆಗಳ ನಡುವೆಯೇ ಹೋಗಬೇಕು. ಗೆರೆ ದಾಟಿದರೆ ಔಟ್, ನಿಂತರೂ ಔಟ್; ಕಡಿಮೆ ಹೊತ್ತಿನಲ್ಲಿ ಕೊನೆ ಮುಟ್ಟಿದವನೇ ಗೆದ್ದ. ಆ ವಾರ ಪಕ್ಕದ ಊರಿನ ಹೊಲದಲ್ಲಿ ಅಂಥದೊಂದಿತ್ತು. ಬಸವರಾಜ ಸ್ನಾನಕ್ಕೆ ಹೋದಾಗ ಅವನ ಗೊಂಚಲಿನಿಂದ ಟ್ರ್ಯಾಕ್ಟರ್ ಚಾವಿ ತೆಗೆದು, ಆ ಜಾಗಕ್ಕೆ ಹಳೆಯ ಟ್ರಂಕಿನ ಚಾವಿ ಸಿಕ್ಕಿಸಿದೆ. ಇಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲ. ಅವನು ಬೈಕ್ ಹತ್ತಿ ಪೇಟೆಗೆ ಹೋದದ್ದೇ ತಡ, ಸವಿತಾಳನ್ನು ಕರೆದುಕೊಂಡು ಹೊರಟೆ.

ಅಲ್ಲಿ ಮನೋಳಿಯ ಹುಡುಗನೊಬ್ಬ ಬಂದಿದ್ದ. ಅದರ ಹಿಂದಿನ ವರ್ಷವಷ್ಟೇ ಟ್ರೇಲರ್ ಕಲಿತವನಂತೆ. ನೂಲು ಹಿಡಿದ ಹಾಗೆ ಹಿಂದಕ್ಕೆ ಹೋಗಿ ಎಲ್ಲರಿಂದ ಸಿಳ್ಳೆ ಹೊಡೆಸಿಕೊಂಡ. ಥೇಟ್ ಕಾರ್ಟೂನಿನ ನಾಯಕ. ನನ್ನ ಹೆಸರು ಕೂಗಿದಾಗ ಜನ ನಕ್ಕರು. ಅಜ್ಜ ಮೊದಲು ಮುಂದಕ್ಕೆ ಹೋಗಿ ತೋರಿಸಲಿ ಎಂದು ಯಾರೋ ಕಿಚಾಯಿಸಿದರು. ಅಷ್ಟರಲ್ಲಿ ಸುದ್ದಿ ತಿಳಿದು ಬಸವರಾಜನೂ ಬಂದು ನಿಂತಿದ್ದ. ಅವನ ಕಣ್ಣೆದುರು ಗೆರೆ ದಾಟಿದರೆ ನನ್ನ ಡ್ರೈವಿಂಗ್ ಅವತ್ತಿಗೆ ಮುಗಿದ ಹಾಗೆಯೇ.

ಅರ್ಧ ದಾರಿಯಲ್ಲಿ ಹಿಂದಿನ ಟ್ರೇಲರ್ ಗೆರೆಯ ಕಡೆ ವಾಲತೊಡಗಿತು. ಗಾಲಿ ನೋಡುತ್ತ ಸ್ಟೇರಿಂಗ್ ಜಗ್ಗಾಡಿದೆ, ಇನ್ನಷ್ಟು ಸೊಟ್ಟಗಾಯಿತು. ಪಕ್ಕದಲ್ಲಿ ಓಡಿ ಬರುತ್ತಿದ್ದ ಸವಿತಾ ಕೂಗಿದಳು: "ಅಜ್ಜಾ, ಗಾಲಿ ನೋಡಬ್ಯಾಡ. ಕುತ್ತಿಗಿ ಎತ್ತು."

ಎತ್ತಿದೆ. ಗೆರೆಯ ಕೊನೆಯಲ್ಲಿ ನೆಟ್ಟ ಕಂಬವೊಂದನ್ನೇ ನೋಡಿದೆ. ಕೈ ಹಗುರಾಯಿತು. ಎರಡೂ ಟ್ರೇಲರ್ ಮೆಲ್ಲಗೆ ಒಂದೇ ಸಾಲಿಗೆ ಬಂದು ನನ್ನ ಮಾತು ಕೇಳತೊಡಗಿದವು.

ಗೆರೆ ಮುಟ್ಟದೆ ಕೊನೆ ತಲುಪಿದೆ. ಮೂರು ಸೆಕೆಂಡ್ ತಡವಾಗಿ ಎರಡನೇ ಸ್ಥಾನ. ಗೆದ್ದ ಮನೋಳಿಯ ಹುಡುಗ ಬಂದು ಕಾಲು ಮುಟ್ಟಿದ. "ವಾಲಿದ್ದನ್ನ ಹೆಂಗ ಸರಿ ಮಾಡಿದ್ರಿ ಅಜ್ಜಾರ? ನನಗೂ ಹೇಳಿಕೊಡ್ರಿ."

"ಹೇಳೂದಿಲ್ಲ. ಮುಂದಿನ ವರ್ಷನೂ ಬರತೇನಿ. ಸೋತು ಕಲಿ," ಎಂದೆ.

ಬಸವರಾಜ ಬೈಯಲಿಲ್ಲ. ಬೈಕನ್ನು ಗೆಳೆಯನಿಗೆ ಕೊಟ್ಟು ಬಂದು ಮಡ್‌ಗಾರ್ಡ್ ಮೇಲೆ ಕುಳಿತ. "ನಡೀರಿ ಅಪ್ಪಾ, ಊಟದ ಹೊತ್ತಾತು," ಎಂದನೇ ಹೊರತು ಸ್ಟೇರಿಂಗ್ ಕೇಳಲಿಲ್ಲ.

ಆ ಕಾರ್ಟೂನ್ ಎದುರಾಳಿ ಕೊನೆಗೆ ಏನಾದನೋ ನನಗೆ ಗೊತ್ತಿಲ್ಲ. ಸವಿತಾ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ. ಹುಡುಗರು ಗೆಲ್ಲಲಿ, ಬೇಡ ಎನ್ನುವುದಿಲ್ಲ. ಆದರೆ ನಾನಾಗಿ ದಾರಿ ಬಿಟ್ಟು ನಿಲ್ಲುವವನಲ್ಲ.