ಬಾದೆ ಹುಲ್ಲಿನ ಹೊರೆ

ಕಾರ್ತಿಕ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಕಪ್ಪತಗುಡ್ಡದ ಬುಡದ ಗೇಟಿನಲ್ಲಿ ಇದ್ದವರು ಮೂವರು: ನಾನು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಗಂಗವ್ವ, ನಮ್ಮನ್ನು ಹಿಡಿದ ಅರಣ್ಯ ಕಾವಲುಗಾರ ಈರಣ್ಣ. ಅವನು ನನ್ನ ಹಳೆಯ ವಿದ್ಯಾರ್ಥಿ. ಅಕ್ಕನ ತಲೆಯ ಮೇಲೆ ಬಾದೆ ಹುಲ್ಲಿನ ಹೊರೆ. ಇಬ್ಬನಿಗೆ ನೆನೆದ ಆ ಹುಲ್ಲಿನಿಂದ ನಿಂಬೆಸಿಪ್ಪೆ ಹಿಚುಕಿದಂಥ ವಾಸನೆ ಬಂತು. ನಿಂತಲ್ಲೇ ನಾನು ಏಳು ವರ್ಷದವನಾದೆ.

ನಮ್ಮ ಅಡುಗೆಕೋಣೆಗೂ ಕೊಟ್ಟಿಗೆಗೂ ಆಗ ಈ ಹುಲ್ಲಿನದೇ ಛಾವಣಿಯ ಹೊದಿಕೆ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹಾಗಾಗಿ ಅದು ಹುಲ್ಲಿನ ದಿನ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮುಂದೆ, ನಾವಿಬ್ಬರೂ ಹಿಂದೆ. ತೆನೆ ಬಲಿಯುವ ಮೊದಲು ಯಾರೂ ಕುಡುಗೋಲು ಮುಟ್ಟುವಂತಿರಲಿಲ್ಲ. ಹೊರೆ ಕಟ್ಟುವ ಮೊದಲು ಹುಲ್ಲನ್ನು ಮೂರು ಸಲ ಜಾಡಿಸಬೇಕು. ಬೀಜ ಅಲ್ಲಿಯೇ ಬೀಳಬೇಕು. ಒಮ್ಮೆ ನಾನು ಜಾಡಿಸದೆ ಕಟ್ಟಿದ್ದೆ. ಅವ್ವ ಅರ್ಧ ದಾರಿಯಿಂದ ತಿರುಗಿ ಮೇಲಕ್ಕೆ ಅಟ್ಟಿದಳು. "ಗುಡ್ಡದ್ದು ಗುಡ್ಡಕ್ಕ ಕೊಟ್ಟ ಬಾ" ಎಂದಷ್ಟೇ ಅಂದಳು. ಹೊಸ ಹೊದಿಕೆಯ ಕೆಳಗೆ ಒಲೆಯ ಹೊಗೆಗೂ ಆ ನಿಂಬೆಯ ವಾಸನೆ ಹತ್ತುತ್ತಿತ್ತು. ಈಗ ಅವ್ವನೂ ಇಲ್ಲ, ಆ ಅಡುಗೆಕೋಣೆಯೂ ಇಲ್ಲ. ಅಕ್ಕನ ಕೊಟ್ಟಿಗೆಯೊಂದು ಉಳಿದಿದೆ. ಅದರ ಹುಲ್ಲು ಕೊಳೆತು ಎಮ್ಮೆಯ ಬೆನ್ನ ಮೇಲೆ ಸೋರುತ್ತಿದೆ.

ಗೇಟಿನ ಪಕ್ಕದ ಹಲಗೆಯಲ್ಲಿ ಹುಲ್ಲು ಕೊಯ್ಯುವುದೂ ಸೇರಿದ ನಿಷೇಧಗಳ ಪಟ್ಟಿ, ಮೇಲೊಂದು ತೋಳದ ಚಿತ್ರ. ತೋಳಕ್ಕೆ ಬೀದಿನಾಯಿಯ ಸುರುಳಿ ಬಾಲ. ಈ ಹಲಗೆ ನೆಟ್ಟ ಇಲಾಖೆಯ ಪಂಡಿತರಿಗೆ ಗುಡ್ಡವೆಂದರೆ ಜೀಪು ಹತ್ತುವಷ್ಟು ದಾರಿ. ಕೊಯ್ಯದ ಹುಲ್ಲು ಆಳೆತ್ತರ ನಿಂತು ಒಣಗುತ್ತದೆ. ಬೇಸಿಗೆಯಲ್ಲಿ ಕಿಡಿ ಬಿದ್ದರೆ ಇಳಿಜಾರೆಲ್ಲ ಉರಿಯುತ್ತದೆ. ಆಗ ಹಸಿ ಟೊಂಗೆ ಹಿಡಿದು ಬಡಿಯಲು ಊರವರು ಬೇಕು. ಬೂದಿ ಆರಿದ ಮೇಲೆ ಇವರು ಬಂದು, ನಮಗೇ ಗುಡ್ಡದ ಮಹತ್ವ ಬೋಧಿಸಿ, ಬಾಟಲಿ ನೀರು ಕುಡಿದು ಹೋಗುತ್ತಾರೆ.

ಈರಣ್ಣ ದನಿ ತಗ್ಗಿಸಿ ಹೇಳಿದ: "ಸರ್, ಗಣಿಯವ್ರು ಬರಬಾರದು, ಗುಡ್ಡಕ್ಕ ಕಾವಲ ಹಾಕ್ರಿ ಅಂತ ಅರ್ಜಿ ಬರದವ್ರು ನೀವ. ಈಗ ನಿಮ್ಮನ್ನ ಹೆಂಗ ಬಿಡ್ಲಿರಿ?"

ಖರೆ. ದುಂಡಗಿನ ಅಕ್ಷರದಲ್ಲಿ ಬರೆದು, ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿದೆ, ಅಕ್ಕನದೂ. ಹುಲ್ಲಿನ ಬಗ್ಗೆ ಒಂದು ಸಾಲೂ ಸೇರಿಸಲಿಲ್ಲ. ಹುಲ್ಲು ಕೇಳಿ ಪಡೆಯುವ ವಸ್ತುವೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಹಲಗೆ ಬರೆದವನಿಗಿಂತ ದಡ್ಡ ಈ ಮಾಸ್ತರ.

ಅಕ್ಕ ಹೊರೆ ಇಳಿಸಿ ಈರಣ್ಣನ ಮುಂದಿಟ್ಟಳು. "ನೀನ ಇಟ್ಕೊ ತಮ್ಮಾ. ನಿಮ್ಮ ಮುತ್ಯಾನ ಮನಿ ಮ್ಯಾಲೂ ಇದ ಹುಲ್ಲ ಇತ್ತು. ಆದ್ರ ಅಂಜಿಕಿಯಾಗ ಜಾಡಿಸಿಲ್ಲ. ಜಾಡಿಸಿ ಕೊಡ್ತೀನಿ ತಡಿ."

ಈರಣ್ಣ ಗೇಟು ತೆರೆದ. ಅಕ್ಕ ಹತ್ತು ಹೆಜ್ಜೆ ಒಳಗೆ ಹೋಗಿ, ಹಗ್ಗ ಬಿಚ್ಚಿ, ಮೂರು ಸಲ ಜಾಡಿಸಿದಳು. ಮತ್ತೆ ಕಟ್ಟುವಾಗ ಹಗ್ಗದ ಒಂದು ತುದಿ ಅವನೇ ಹಿಡಿದ. ಆಮೇಲೆ ಹೊರೆಯನ್ನು ಹೊತ್ತು, ಗೇಟಿನ ಕಾವಲು ಚೌಕಿಯ ಹಿಂದೆ, ಹೀಗೇ ಕಸಿದಿಟ್ಟು ಕೊಳೆಯುತ್ತಿದ್ದ ಬೇರೆ ಹೊರೆಗಳ ಮೇಲೆ ಎಸೆದ.

ಮಧ್ಯಾಹ್ನ ಮುಂಡರಗಿ ಪೇಟೆಯಿಂದ ನೀಲಿ ಪ್ಲಾಸ್ಟಿಕ್ ತಾಡಪತ್ರಿ ತಂದು ಕೊಟ್ಟಿಗೆಗೆ ಹೊದಿಸಿದೆವು. ಎಮ್ಮೆ ಮೂಸಿ ಮುಖ ತಿರುಗಿಸಿತು. ಸೀರೆಯ ಅಂಚಿಗೆ ಅಂಟಿ ಬಂದಿದ್ದ ಬೀಜಗಳನ್ನು ಅಕ್ಕ ಒಂದೊಂದಾಗಿ ಕಿತ್ತು, ಕಾಗದದಲ್ಲಿ ಮಡಚಿ ನನ್ನ ಕೈಗಿಟ್ಟಳು. ಸಂಜೆ ಐದಕ್ಕೆ ಗುಡ್ಡದ ಬುಡಕ್ಕೆ ನಡೆದು ಹೋಗಿ, ಪೊಟ್ಟಣ ಬಿಚ್ಚಿ, ಬೇಲಿಯ ಆಚೆಗೆ ಚೆಲ್ಲಿ ಬಂದೆ.