ಕೇಕಿನ ಮೇಲೆ ಹಿಡಿಸದ ಹೆಸರು

ಹುಟ್ಟಿದ ದಿನ ಮೊಮ್ಮಗಳದು, ಕೇಕಿನ ಮೇಲಿನ ಹೆಸರು ಮೊಮ್ಮಗನದು. ಬೆಂಗಳೂರಿನ ಒಂದು ನೀರಾಟದ ಪಾರ್ಕಿನಲ್ಲಿ ನಡೆದದ್ದು ಇಷ್ಟೇ. ಅವಳ ಅಣ್ಣನದು ಐದು ದಿನ ಬಿಟ್ಟು ಇತ್ತು. ಇಬ್ಬರದೂ ಒಟ್ಟಿಗೆ ಮಾಡೋಣವೆಂದೇ ಮಗ ನಮ್ಮನ್ನೆಲ್ಲ ಬ್ಯಾಡಗಿಯಿಂದ ಅಲ್ಲಿಯ ತನಕ ಕರೆದೊಯ್ದಿದ್ದ.

ಒದ್ದೆ ತಲೆಯಲ್ಲೇ ಎಲ್ಲರೂ ಕೇಕಿನ ಸುತ್ತ ನಿಂತರು. ನನಗೆ ಇಂಗ್ಲಿಷ್ ಅಕ್ಷರ ಬಾರದು. ಏನು ಬರೆದಿದೆ ಎಂದು ಮೊಮ್ಮಗಳು ಗೌರಿಯನ್ನೇ ಕೇಳಿದೆ.

"ಅಣ್ಣನ ಹೆಸರಷ್ಟ ಐತಿ, ಆಯಿ. ನಾ ಚಪ್ಪಾಳಿ ಹೊಡೀತೀನಿ ಬಿಡು," ಎಂದಳು. ಅವತ್ತಿಗೆ ಅವಳಿಗೆ ಏಳು ತುಂಬಿತ್ತು.

ಮಗನ ಕಡೆ ತಿರುಗಿದೆ.

"ಕೇಕ್ ಸಣ್ಣದು ಯವ್ವಾ, ಎರಡು ಹೆಸರು ಹಿಡಿಸಲಿಲ್ಲ," ಎಂದ.

"ಒಂದ ಹಿಡಿಸೂದಾದ್ರ, ಇವತ್ತ ಹುಟ್ಟಿದಾಕೀದು ಯಾಕ ಬರಸಲಿಲ್ಲಲೇ?"

ನಾನು ಕೇಕು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಊರಿಗೆ ಬಂದಿಳಿದವಳೇ ಅಂಗಳ ಸಾರಿಸಿ, ಮಗನ ಕೈಗೆ ರಂಗೋಲಿ ಬಟ್ಟಲು ಕೊಟ್ಟು ಕೂರಿಸಿದೆ. ಓಣಿಯವರೆಲ್ಲ ನೋಡುತ್ತಿರುವಾಗಲೇ ಅವನು ಮಗಳ ಹೆಸರನ್ನು ಬಾಗಿಲಿನಷ್ಟು ಅಗಲಕ್ಕೆ ಬರೆದ. ಕನ್ನಡದಲ್ಲೇ ಬರೆಸಿದೆ, ಈ ಸಲ ನಾನೇ ಓದಿ ನೋಡಬೇಕಿತ್ತು.